ಹಳೆ ಲ್ಯಾಪ್‌ಟಾಪ್‌ಗೆ ವಿಂಡೋಸೋ, ಲಿನಕ್ಸೋ?

ವಿಂಡೋಸ್ 10ರ ಮಾಮೂಲಿ ಬೆಂಬಲ (ಸುರಕ್ಷತಾ ಅಪ್‌ಡೇಟ್ ವಗೈರೆ) 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈಗ ವಿಂಡೋಸ್ 11 ಹಾಕಿಸಬೇಕಾ, ವಿಂಡೋಸ್ ಬದಲು ಹಾಕಬಹುದಾದ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ ಸಾಕಾ ಎಂದು ಕೇಳಿದ್ದೀರಿ.

ಮೊದಲು ದುಡ್ಡಿನ ಮಾತು. ಮಿಂಟ್ ಪೂರ್ತಿ ಉಚಿತ. ಅಸಲಿ ವಿಂಡೋಸ್ 10 ಇದ್ದರೆ 11 ಕೂಡ ಉಚಿತವೇ. ಆದರೆ ಅದಕ್ಕೆ ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಇಲ್ಲವೆಂದರೆ ಹೊಸ ಲ್ಯಾಪ್‌ಟಾಪ್‌ನ ಖರ್ಚು. ಮಿಂಟ್ ಇಂಥ ತಕರಾರು ತೆಗೆಯುವುದಿಲ್ಲ, 4 ಜಿಬಿ ಮೆಮೊರಿಯಲ್ಲೂ ಓಡುತ್ತದೆ.

ಇನ್ನು ಕೆಲಸ. ಅಂಗಡಿ ಲೆಕ್ಕ ಟ್ಯಾಲಿಯಲ್ಲಿದೆಯಾ? ಫೋಟೋಶಾಪ್ ದಿನಾ ಬೇಕಾ? ಹಾಗಿದ್ದರೆ ಸುಮ್ನೆ ವಿಂಡೋಸ್‌ನಲ್ಲೇ ಇರಿ. ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ) ಹಾಕಿ ಅವನ್ನು ಮಿಂಟ್‌ನಲ್ಲೂ ಓಡಿಸಬಹುದು ಅನ್ನುವವರಿದ್ದಾರೆ. ಮಾರ್ಚ್ ಕೊನೆ ವಾರದಲ್ಲಿ ಅದು ಕೈಕೊಟ್ಟರೆ ಆ ಗೋಳು ಯಾರಿಗೆ ಬೇಕು! ಬ್ರೌಸರ್, ಯೂಟ್ಯೂಬ್, ಮಕ್ಕಳ ಪಾಠ, ಒಂದಿಷ್ಟು ಪತ್ರ ಅಷ್ಟೇ ಇದ್ದರೆ ಮಿಂಟ್ ಧಾರಾಳ ಸಾಕು.

ಕನ್ನಡ ಟೈಪಿಂಗ್‌ಗೆ ಹೆದರಬೇಡಿ. ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಕಗಪ ಕೀಲಿ ವಿನ್ಯಾಸ ಸೇರಿಸಿದರೆ, ನುಡಿ ತಂತ್ರಾಂಶಕ್ಕೆ ಪಳಗಿದ ಬೆರಳು ಜಾಸ್ತಿ ತಡವರಿಸುವುದಿಲ್ಲ. ತೊಂದರೆ ಇರುವುದು ಯೂನಿಕೋಡ್‌ಗೂ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ಪದ್ಧತಿ) ಮುಂಚಿನ ನುಡಿ, ಬರಹ ತಂತ್ರಾಂಶಗಳ ಫೈಲುಗಳಲ್ಲಿ. ಅವು ರಾಶಿ ಇದ್ದರೆ, ಯೂನಿಕೋಡ್‌ಗೆ ಬದಲಿಸಿಕೊಳ್ಳುವವರೆಗೆ ವಿಂಡೋಸ್ ತೆಗೆಯಬೇಡಿ.

ಇನ್ನೂ ಅನುಮಾನವಾ? ಮಿಂಟನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಲ್ಯಾಪ್‌ಟಾಪ್ ಶುರು (ಬೂಟ್) ಮಾಡಿ. ಇರುವ ವಿಂಡೋಸ್ ಮುಟ್ಟದೆ ವೈಫೈ, ಸೌಂಡ್, ಪ್ರಿಂಟರ್ ಮೂರನ್ನೂ ನೋಡಬಹುದು. ಪ್ರಿಂಟರ್ ಮಾತ್ರ ಮರೆಯಬೇಡಿ, ಸಾಮಾನ್ಯವಾಗಿ ಹಟ ಹಿಡಿಯುವುದು ಅದೇ.