ಕೆಟ್ಟ ಲ್ಯಾಪ್‌ಟಾಪಿನಿಂದ ಡೆಸ್ಕ್‌ಟಾಪಿಗೆ: ಬಸವನಹಳ್ಳಿ ರಸ್ತೆ ಪಕ್ಕದ ರಿಪೇರಿ ಅಂಗಡಿ

ಚಿಕ್ಕಮಗಳೂರಿನ ಬಸವನಹಳ್ಳಿ ಮುಖ್ಯರಸ್ತೆಯಿಂದ ಒಳಗೆ ಹೋಗುವ ಅಡ್ಡರಸ್ತೆಯೊಂದರಲ್ಲಿ, ಟೈಲರ್ ಅಂಗಡಿಯ ಮೇಲೆ, ಒಂದೇ ಕೋಣೆಯ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಹೆಸರು ಬರೆಯಬೇಡಿ ಎಂದರು ಮಾಲೀಕರು. ಈಗಿರುವ ಕೆಲಸವೇ ಜಾಸ್ತಿಯಂತೆ.

ನಾನು ಕಾಫಿ ವ್ಯಾಪಾರಿಗಳ, ಗೊಬ್ಬರದ ಅಂಗಡಿಗಳ ಲೆಕ್ಕ ನೋಡುವವಳು. ಆಫೀಸಿನ ಡೆಸ್ಕ್‌ಟಾಪ್ 2018ರದ್ದು, ಎಂಟನೇ ತಲೆಮಾರಿನ ಐ3 ಪ್ರೊಸೆಸರ್, ಒಳಗೆ ಹಳೇ ಹಾರ್ಡ್ ಡಿಸ್ಕ್. ಬೆಳಿಗ್ಗೆ ಸ್ವಿಚ್ ಒತ್ತಿ, ಡಿಕಾಕ್ಷನ್ ಇಳಿಸಿ, ಕಾಫಿ ಕುಡಿದು ಬಂದರೂ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ತೆರೆದಿರುತ್ತಿರಲಿಲ್ಲ. ಮನೆಯಲ್ಲಿ ಮಗಳ ಲ್ಯಾಪ್‌ಟಾಪ್ ಮದರ್‌ಬೋರ್ಡ್ ಸುಟ್ಟು ಸುಮ್ನೆ ಬಿದ್ದಿತ್ತು. ಎರಡನ್ನೂ ಹೊತ್ತುಕೊಂಡು ಹೋಗಿ, ಇದರಲ್ಲಿರುವುದನ್ನು ಅದಕ್ಕೆ ಹಾಕಿಕೊಡಿ ಎಂದೆ.

ಅವರು ನಗಲಿಲ್ಲ. ಲ್ಯಾಪ್‌ಟಾಪಿನ ತಳ ಬಿಚ್ಚಿ ಒಂದೊಂದೇ ತೋರಿಸಿದರು. ಪ್ರೊಸೆಸರ್ ಬೋರ್ಡಿಗೇ ಬೆಸುಗೆ ಆಗಿದೆ, ಆ ಮಾತು ಬಿಡಿ. ಗ್ರಾಫಿಕ್ಸ್ ಚಿಪ್ಪಿನ ಕಥೆಯೂ ಅದೇ. ರ‍್ಯಾಮ್ ಕೈಗೆ ಬಂತು. ಡೆಸ್ಕ್‌ಟಾಪಿನ ಕಡ್ಡಿಯ ಪಕ್ಕ ಇಟ್ಟರೆ ಹೆಚ್ಚುಕಡಿಮೆ ಅರ್ಧ ಉದ್ದ. ಎರಡೂ ಡಿಡಿಆರ್4 ಎಂಬ ಒಂದೇ ತಲೆಮಾರಿನವು, ಎರಡೂ 1.2 ವೋಲ್ಟ್. ಆದರೆ ಲ್ಯಾಪ್‌ಟಾಪಿನದಕ್ಕೆ 260 ಪಿನ್, ಡೆಸ್ಕ್‌ಟಾಪಿನದಕ್ಕೆ 288. ಸ್ಲಾಟಿಗೆ ಕೂರುವುದೇ ಇಲ್ಲ. ಅಡಾಪ್ಟರ್ ಸಿಗುತ್ತದಲ್ವಾ ಎಂದು ಕೇಳಿದೆ. ಸಿಗುತ್ತದೆ, ಆದರೆ ಲೆಕ್ಕದ ಮಷಿನ್ನಿಗೆ ಹಾಕಬೇಡಿ, ನಡುವೆ ಹ್ಯಾಂಗ್ ಆದರೆ ನನ್ನನ್ನು ಬೈಯುತ್ತೀರಿ ಎಂದರು. ಅಡಾಪ್ಟರ್ ಮಾರಿ ನಾಲ್ಕು ಕಾಸು ಮಾಡಿಕೊಳ್ಳಬಹುದಿತ್ತು. ನನಗೆ ಅಂಗಡಿ ಹಿಡಿಸಿದ್ದು ಅಲ್ಲೇ. ಆ ರ‍್ಯಾಮ್ ಈಗ ನನ್ನ ಅಸಿಸ್ಟೆಂಟ್ ಹುಡುಗಿಯ ಲ್ಯಾಪ್‌ಟಾಪಿನಲ್ಲಿದೆ. ಅದರಲ್ಲಿ ಒಂದು ಸ್ಲಾಟ್ ಖಾಲಿ ಇತ್ತು.

ನಿಜವಾಗಿ ಕೆಲಸಕ್ಕೆ ಬಂದದ್ದು ಎಸ್‌ಎಸ್‌ಡಿ. ಹಾರ್ಡ್ ಡಿಸ್ಕಿನ ಕೆಲಸವನ್ನೇ ಬೇಗ ಮಾಡುವ ಚಿಪ್ಪಿನ ಡಿಸ್ಕ್ ಇದು. ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಮಾದರಿ, 22 ಮಿಲಿಮೀಟರ್ ಅಗಲ, 80 ಉದ್ದ. ಇದರಲ್ಲಿ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ಎಂಬ ಭೇದ ಇಲ್ಲ. ನೋಡಬೇಕಾದ್ದು ಅದು ವೇಗದ ಎನ್‌ವಿಎಂಇ ಬಗೆಯದೋ, ಅದಕ್ಕಿಂತ ನಿಧಾನದ ಸಾಟಾ ಬಗೆಯದೋ, ಬೋರ್ಡಿನ ಸ್ಲಾಟ್ ಯಾವುದನ್ನು ಒಪ್ಪುತ್ತದೆ ಎಂದು. ನನ್ನ ಬೋರ್ಡಿನಲ್ಲಿ ಎನ್‌ವಿಎಂಇ ಸ್ಲಾಟ್ ಇತ್ತು. ಹಳೇ ಬೋರ್ಡ್, ಪೂರ್ತಿ ವೇಗ ಬರುವುದಿಲ್ಲ ಎಂದು ಮೊದಲೇ ಹೇಳಿದರು. ಬಂದಷ್ಟೇ ನನಗೆ ಸಾಕು. ಸ್ಲಾಟ್ ಇಲ್ಲದವರಿಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಇದೆ, ಕನೆಕ್ಟರ್ ಎರಡೂ ಕಡೆ ಒಂದೇ. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕ್ ಮಾತ್ರ ಲ್ಯಾಪ್‌ಟಾಪಿನೊಳಗೆ ಹಿಡಿಸುವುದಿಲ್ಲ. ಅದಕ್ಕೆ 12 ವೋಲ್ಟ್ ಕೂಡ ಬೇಕು.

ಇನ್ನೊಂದು ವಿಷಯ, ಇದನ್ನು ಎಲ್ಲರೂ ಹೇಳುವುದಿಲ್ಲ. ಲ್ಯಾಪ್‌ಟಾಪಿನ ಡಿಸ್ಕ್, ಅಂದರೆ ಆ ಎಸ್‌ಎಸ್‌ಡಿ, ಬಿಟ್‌ಲಾಕರ್ ಎಂಬ ವಿಂಡೋಸಿನದ್ದೇ ಬೀಗದಲ್ಲಿ ಲಾಕ್ ಆಗಿತ್ತು. ಬೇರೆ ಬೋರ್ಡಿಗೆ ಹಾಕಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಮಗಳ ಮೈಕ್ರೋಸಾಫ್ಟ್ ಖಾತೆಯಲ್ಲಿ ಕೀ ಸಿಕ್ಕಿತು. ಅವಳ ಫೋಟೋ, ಪ್ರಾಜೆಕ್ಟ್ ಎಲ್ಲ ಬೇರೆ ಕಡೆ ತೆಗೆದಿಟ್ಟು, ಆಮೇಲೆ ಡಿಸ್ಕ್ ಒರೆಸಿ, ಹೊಸದಾಗಿ ವಿಂಡೋಸ್ ಹಾಕಿದರು. ಕೇಳದೆ ಫಾರ್ಮ್ಯಾಟ್ ಮಾಡುವವರನ್ನೂ ನೋಡಿದ್ದೇನೆ. ಲ್ಯಾಪ್‌ಟಾಪಿನ ಜೊತೆ ಬಂದಿದ್ದ ವಿಂಡೋಸ್ ಲೈಸೆನ್ಸ್ ಆ ಬೋರ್ಡಿಗೇ ಸೇರಿದ್ದು, ಡಿಸ್ಕಿನ ಜೊತೆ ಬರುವುದಿಲ್ಲ. ಡೆಸ್ಕ್‌ಟಾಪಿಗೆ ಅದರದ್ದೇ ಲೈಸೆನ್ಸ್ ಇದ್ದದ್ದು ಪುಣ್ಯ.

ಲ್ಯಾಪ್‌ಟಾಪಿನ ಸ್ಕ್ರೀನನ್ನು ಮಾನಿಟರ್ ಮಾಡಲು ಆ ಪ್ಯಾನೆಲ್‌ಗೆ ಹೊಂದುವ ಕಂಟ್ರೋಲರ್ ಬೋರ್ಡ್ ತರಿಸಬೇಕು, ನನಗೆ ಬೇಡವಾಯಿತು. ಅದರ ವೈಫೈ ಕಾರ್ಡನ್ನು ಡೆಸ್ಕ್‌ಟಾಪಿಗೆ ಹಾಕಿಸುವುದಕ್ಕಿಂತ ಯುಎಸ್‌ಬಿ ಡಾಂಗಲ್ ಅಗ್ಗ.

ಕೂಲಿ 600 ರೂಪಾಯಿ, ಡೇಟಾ ತೆಗೆದುಕೊಟ್ಟದ್ದೂ ಸೇರಿ. ಟ್ಯಾಲಿ ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ತಿಂಗಳ 20ನೇ ತಾರೀಕು, ಜಿಎಸ್‌ಟಿಆರ್-3ಬಿ ಎಂಬ ತಿಂಗಳ ತೆರಿಗೆ ರಿಟರ್ನ್ ಕಟ್ಟುವ ಕೊನೆಯ ದಿನ, ಅದರ ಬೆಲೆ ಗೊತ್ತಾಗುತ್ತದೆ.

ದೂರುಗಳೂ ಇವೆ. ಬಿಲ್ಲನ್ನು ಕೇಳಿ ಪಡೆಯಬೇಕು, ಅದೂ ಹರಿದ ಹಾಳೆಯಲ್ಲಿ. ನನ್ನಂಥವಳಿಗೆ ಇದು ಹೊಟ್ಟೆ ಉರಿಸುವ ವಿಷಯ. ನಾಳೆ ಎಂದರೆ ನಾಳಿದ್ದು ಎಂದುಕೊಳ್ಳಿ. ಮೆಟ್ಟಿಲು ಕಡಿದು, ಮಳೆಗಾಲದಲ್ಲಿ ಜಾರುತ್ತದೆ, ಸಿಪಿಯು ಹೊತ್ತು ಹತ್ತಲು ಯಾರನ್ನಾದರೂ ಕರೆದುಕೊಂಡು ಹೋಗಿ. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಶಟರ್ ಇಳಿದಿರುತ್ತದೆ, ಫೋನ್ ಮಾಡಿದರೂ ಎತ್ತುವುದಿಲ್ಲ.