ಕಡಲಿಲ್ಲದ ಊರಲ್ಲಿ ಕಡಲ ಪಾಠ: ಕಿಟ್ಟೋ, ಅಡುಗೆಮನೆಯೋ, ಮೀನಂಗಡಿಯೋ?

ಬೆಂಗಳೂರಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಸಿಗೋಕೆ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೆ ಮೇಲೆ ಹೋಗಬೇಕು. ರಜೆಯಲ್ಲಿ ಮಲ್ಪೆಗೆ ಹೋಗಿಬಂದ ಮಕ್ಕಳಿಗೆ ಅಲೆ ನೆನಪಿರುತ್ತೆ, ಐಸ್‌ಕ್ಯಾಂಡಿ ನೆನಪಿರುತ್ತೆ, ನೀರೊಳಗೆ ಏನಿದೆ ಅನ್ನೋದು ಗೊತ್ತಾಗಿರಲ್ಲ. ಹಾಗಾಗಿ ಮನೆಯಲ್ಲೇ ಕೈಯಾರೆ ಮಾಡುವಂಥ ಕೆಲವು ದಾರಿಗಳನ್ನು ಪ್ರಯತ್ನಿಸಿದೆ. ಜೊತೆಗಿದ್ದವರು ಮೂರನೇ ಕ್ಲಾಸಿನ ನನ್ನ ಮಗಳು ಮತ್ತು ಪಕ್ಕದ ಮನೆಯ ಐದು ವರ್ಷದ ಹುಡುಗ. ಅವರದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ, ಹೋಲಿಕೆಗೆ ಅದೂ ಒಳ್ಳೆಯದೇ ಆಯಿತು. ಮತ್ಸ್ಯಾಲಯಗಳನ್ನು ಇಲ್ಲಿ ಸೇರಿಸಿಲ್ಲ. ಅಲ್ಲಿ ನೋಡಬಹುದು, ಮುಟ್ಟೋಕಾಗಲ್ಲ.

ಮೊದಲು ಆನ್‌ಲೈನಿನಲ್ಲಿ ಸಿಗುವ ರೆಡಿಮೇಡ್ ಕಿಟ್. ಸಾವಿರ ರೂಪಾಯಿ ದಾಟಿತು. ನೀಲಿ ಮರಳು, ಪ್ಲಾಸ್ಟಿಕ್ ಪ್ರಾಣಿಗಳು, ಬಣ್ಣ ಹಚ್ಚುವ ಕಾರ್ಡು. ಉತ್ತರ ಧ್ರುವದ ಹಿಮಕರಡಿ ಪಕ್ಕದಲ್ಲೇ ದಕ್ಷಿಣದ ಪೆಂಗ್ವಿನ್. ಐದು ವರ್ಷದವನು ಒಂದು ಮಧ್ಯಾಹ್ನ ಪೂರ್ತಿ ಆಡಿದ, ಅದಕ್ಕೆ ಮೋಸವಿಲ್ಲ. ಮಗಳು ಕಾರ್ಡು ತಿರುಗಿಸಿ ನೋಡಿ ಎದ್ದುಹೋದಳು. ಕಿಟ್ ಕೊಳ್ಳುವವರಿಗೆ ಒಂದು ಮಾತು: ಅದರಲ್ಲಿ ‘ಅಸಲಿ’ ಹವಳದ ತುಂಡೋ ಒಣಗಿದ ಕಡಲಕುದುರೆಯೋ ಇದೆ ಅಂತ ಬರೆದಿದ್ದರೆ ತಗೋಬೇಡಿ. 2001ರಿಂದ ಇವು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ, ಮಾರಾಟ ಅಪರಾಧ.

ಅಡುಗೆಮನೆ ಪ್ರಯೋಗಗಳು ಇದಕ್ಕಿಂತ ಎಷ್ಟೋ ವಾಸಿ, ಖರ್ಚೂ ಇಲ್ಲ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತೆ, ದೊಡ್ಡ ಚಮಚದಲ್ಲಿ ಎರಡು. ಅಷ್ಟು ಹಾಕಿ ಆಲೂಗಡ್ಡೆ ತುಂಡು ಬಿಟ್ಟರೆ ಮುಳುಗುತ್ತೆ. ತೇಲಬೇಕಾದರೆ ಅದರ ಮೂರು ಪಟ್ಟಿನ ಆಸುಪಾಸು ಉಪ್ಪು ಬೇಕು. ‘ಉಪ್ಪುನೀರಲ್ಲಿ ಎಲ್ಲವೂ ತೇಲುತ್ತೆ’ ಅಂತ ವಿಡಿಯೋಗಳಲ್ಲಿ ಹೇಳಿಕೊಡುವವರು ಈ ಅಳತೆಯನ್ನು ಹೇಳೋದೇ ಇಲ್ಲ. ಇನ್ನೊಂದು ನನಗೇ ಇಷ್ಟವಾದದ್ದು: ಗಾಜಿನ ಲೋಟದಲ್ಲಿ ನೀಲಿ ಬಣ್ಣದ ಉಪ್ಪುನೀರು, ಅದರ ಮೇಲೆ ಚಮಚದ ಬೆನ್ನಿನ ಮೇಲಿಂದ ನಿಧಾನವಾಗಿ ಸಿಹಿನೀರು. ಎರಡೂ ಬೆರೆಯದೆ ಪದರವಾಗಿ ನಿಲ್ಲುತ್ತವೆ. ಉಳ್ಳಾಲದ ಹತ್ತಿರ ನೇತ್ರಾವತಿಯ ಅಳಿವೆಯಲ್ಲಿ ಆಗೋದೂ ಇದೇ ಅಂದೆ. ನಮ್ಮ ನಲ್ಲಿಗೆ ಬರುವ ಕಾವೇರಿ ಎಲ್ಲಿ ಕಡಲಿಗೆ ಸೇರುತ್ತೆ ಅಂತ ಮಗಳು ಕೇಳಿದಳು. ಪೂಂಪುಹಾರ್ ಅಂತ ನಕ್ಷೆಯಲ್ಲಿ ತೋರಿಸಿದೆ. ಎರಡು ಜಿಪ್ ಕವರಿನ ನಡುವೆ ಡಾಲ್ಡಾ ತುಂಬಿ, ಕೈ ತೂರಿಸಿ ಐಸ್ ನೀರಿಗೆ ಅದ್ದಿ, ಕೊಬ್ಬು ಚಳಿ ತಡೆಯೋದನ್ನು ನೋಡುವ ತಿಮಿಂಗಿಲದ ಕೊಬ್ಬಿನ ಆಟವೂ ಚೆನ್ನಾಗಿದೆ, ಡಾಲ್ಡಾ ಹೊರಗೆ ಬರದಿದ್ದರೆ.

ಆದರೆ ಇದೆಲ್ಲ ನೀರಿನ ಪಾಠ. ಜೀವದ ಪಾಠ ಬೇಕೆಂದರೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೋ ಹತ್ತಿರದ ಮೀನಂಗಡಿಗೋ ಹೋಗಲೇಬೇಕು. ಬಂಗುಡೆ ಎರಡು, ಬೊಂಡಾಸ್, ಅಂದರೆ ಸ್ಕ್ವಿಡ್, ಅರ್ಧ ಕೆಜಿ. “ಅಣ್ಣಾ, ಕ್ಲೀನ್ ಮಾಡ್ಬೇಡಿ, ಹಂಗೇ ಕೊಡಿ” ಅಂದರೆ “ಮನೇಲಿ ಗಲೀಜಾಗುತ್ತೆ ಮೇಡಂ” ಅಂದರು. ಆಗುತ್ತೆ, ನಿಜ. ಪೇಪರ್ ಹಾಸಿ.

ಬಂಗುಡೆಯ ಕಿವಿರಿನ ಮುಚ್ಚಳ ಎತ್ತಿದರೆ ಕೆಂಪು ಕಿವಿರಿನ ಒಳಬದಿಗೆ ಉದ್ದುದ್ದ ಎಳೆಗಳ ಸಾಲು ಕಾಣುತ್ತೆ. ನೀರಲ್ಲಿ ತೇಲುವ ಸಣ್ಣ ಜೀವಿಗಳನ್ನು ಸೋಸಿ ತಿನ್ನೋದು ಅದರಿಂದ. ಬೊಂಡಾಸನ್ನು ನೀರು ಚಿಮ್ಮುವ ಕೊಳವೆ ಇರುವ ಬದಿಯಿಂದ ಉದ್ದಕ್ಕೆ ಕತ್ತರಿಸಬೇಕು, ಮೊಂಡು ತುದಿಯ ಕತ್ತರಿ ಸಾಕು. ಎಂಟು ತೋಳು, ಉದ್ದದ ಎರಡು ಕರಬಳ್ಳಿ, ನಡುವೆ ಗಿಳಿಯ ಕೊಕ್ಕಿನಂಥ ಬಾಯಿ. ಅದಕ್ಕೆ ಮೂರು ಹೃದಯ; ಕಿವಿರುಗಳ ಬುಡದ ಎರಡು ನಮಗೆ ಸಿಕ್ಕವು, ಮೂರನೆಯದು ಸಿಗಲಿಲ್ಲ. ಬೆನ್ನಿನೊಳಗಿಂದ ಪಾರದರ್ಶಕ ಕಡ್ಡಿಯೊಂದನ್ನು ಎಳೆದು ಮಗಳು “ಅಮ್ಮಾ, ಇದು ಪ್ಲಾಸ್ಟಿಕ್ ನುಂಗಿಬಿಟ್ಟಿದೆ!” ಅಂದಳು. ಅದು ಬೊಂಡಾಸಿನದೇ, ಅದರ ಪೂರ್ವಜರಿಗಿದ್ದ ಚಿಪ್ಪಿನಲ್ಲಿ ಉಳಿದಿರುವುದು ಅಷ್ಟೇ. ಬೆಳ್ಳಿ ಬಣ್ಣದ ಶಾಯಿ ಚೀಲ ಒತ್ತಿ, ಅದೇ ಕಡ್ಡಿಯನ್ನು ಅದ್ದಿ ಪೇಪರಿನ ಮೇಲೆ ತನ್ನ ಹೆಸರು ಬರೆದಳು. ಇದಾದ ಮೇಲೆ ಕಿಟ್ಟಿನ ಸುದ್ದಿ ಯಾರೂ ಎತ್ತಲಿಲ್ಲ. ಚಿಪ್ಪುಜೀವಿಗಳ ಅಲರ್ಜಿ ಇರುವ ಮಕ್ಕಳಿಗೆ ಇದು ಬೇಡ. ಹೊರಗೆ ಬಹಳ ಹೊತ್ತು ಇದ್ದದ್ದನ್ನು ಅಡುಗೆಗೂ ಬಳಸಬೇಡಿ. ಉಳಿದದ್ದನ್ನು ಕಟ್ಟಿ ಹಸಿ ಕಸದ ಗಾಡಿ ಬರುವವರೆಗೆ ಫ್ರೀಜರಿನಲ್ಲಿಟ್ಟರೆ ವಾಸನೆಗೆ ಪಕ್ಕದವರು ಬಾಗಿಲು ತಟ್ಟಲ್ಲ.

ಪಕ್ಕದ ಮನೆಯ ಹುಡುಗನಿಗೆ ಇದಾಗುವಂತಿರಲಿಲ್ಲ. ಅವನಿಗೆ ಸಿಕ್ಕಿದ್ದು ಗ್ರಂಧಿಗೆ ಅಂಗಡಿಯ ಸಮುದ್ರದ ನೊರೆ, ಗಿಳಿ ಸಾಕುವವರು ಪಂಜರಕ್ಕೆ ಕಟ್ಟುವ ಬಿಳಿ ಚಪ್ಪಟೆ ತುಂಡು. ಬೊಂಡಾಸಿನ ನೆಂಟ ಕಪ್ಪೆಬೊಂಡಾಸ್ ಅನ್ನೋ ಪ್ರಾಣಿಯ ಒಳಚಿಪ್ಪು ಅದು, ಹಾಗಾಗಿ ಹಿರಿಯರನ್ನು ಮೊದಲೇ ಕೇಳಿಕೊಳ್ಳಿ. ಅವನ ಅಜ್ಜಿ ಔಷಧಿಗೆ ಬಳಸಿದ್ದರಂತೆ, ಒಪ್ಪಿದರು. ಮುರಿದು ಭೂತಗನ್ನಡಿಯಲ್ಲಿ ನೋಡಿದರೆ ಪಾರ್ಕಿಂಗ್ ಕಟ್ಟಡದ ಹಾಗೆ ಮಹಡಿ ಮೇಲೆ ಮಹಡಿ. ಆ ಕೋಣೆಗಳಲ್ಲಿ ಗಾಳಿ ಮತ್ತು ದ್ರವದ ಪ್ರಮಾಣ ಬದಲಿಸಿ ಪ್ರಾಣಿ ಮೇಲೆ ಕೆಳಗೆ ಹೋಗುತ್ತೆ. ನೀರಿಗೆ ಬಿಟ್ಟರೆ ತೇಲುತ್ತೆ, ವಿನೆಗರ್ ಹಾಕಿದರೆ ಬುರುಬುರು ಗುಳ್ಳೆ. ಸಮುದ್ರ ಹುಳಿಯಾಗುತ್ತಿರುವುದನ್ನು ತೋರಿಸೋಕೆ ಇದನ್ನು ಮಾಡುತ್ತಾರೆ, ಆದರೆ ಇದು ವಿಪರೀತ ಮಾಡಿ ತೋರಿಸಿದಂತೆ: ಕಡಲಿನ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 8.2ರಿಂದ 8.1ರ ಆಸುಪಾಸಿಗೆ ಇಳಿದಿದೆ, ವಿನೆಗರಿನದು 2.5ರ ಹತ್ತಿರ. ಮಕ್ಕಳಿಗೆ ಅದನ್ನೂ ಹೇಳಬೇಕು.

ಆರರ ಒಳಗಿನವರಿಗೆ ಉಪ್ಪುನೀರು ಮತ್ತು ಸಮುದ್ರದ ನೊರೆ, ಎಂಟು ದಾಟಿದವರಿಗೆ ಬೊಂಡಾಸ್, ಕಿಟ್ ಯಾರಿಗೂ ಬೇಡ ಅನ್ನೋದು ನನ್ನ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತೆ, ತಾಜಾ ಬೊಂಡಾಸ್ ಸಿಗೋದು ಕಷ್ಟ. ನೀರಿನ ಪ್ರಯೋಗಗಳನ್ನು ಆ ಎರಡು ತಿಂಗಳಿಗೆ ಇಟ್ಟುಕೊಳ್ಳಿ.