ಕೊಡಗಿನಲ್ಲಿ ಬಾಡಿಗೆ ಮನೆ ನೋಡಿಕೊಳ್ಳುವ ಸೇವೆಗಳು: ದುಡ್ಡು ಕೊಡುವ ಮುಂಚೆ ಮಳೆಗಾಲದ ಲೆಕ್ಕ ಕೇಳಿ

ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪ, ಎಲ್ಲಿ ಹೋದರೂ ಈಗ "ನಿಮ್ಮ ಮನೆಗೆ ಬಾಡಿಗೆದಾರರನ್ನು ತಂದು ನಾವೇ ನೋಡಿಕೊಳ್ಳುತ್ತೇವೆ" ಎನ್ನುವವರು ಸಿಗುತ್ತಾರೆ. ಊರಿನಲ್ಲಿ ಮನೆ ಬಿಟ್ಟು ಬೆಂಗಳೂರಿನಲ್ಲೋ, ಸೇನೆಯಲ್ಲೋ, ಗಲ್ಫ್‌ನಲ್ಲೋ ಇರುವ ಮಾಲೀಕರು ಇವರ ಗಿರಾಕಿಗಳು. ಬಾಡಿಗೆದಾರರನ್ನು ಹುಡುಕುವುದು ಈ ಕೆಲಸದಲ್ಲಿ ಸುಲಭದ ಭಾಗ. ಮಡಿಕೇರಿಯ ವೈದ್ಯಕೀಯ ಕಾಲೇಜು, ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜು, ಪೊನ್ನಂಪೇಟೆಯ ಅರಣ್ಯ ಕಾಲೇಜು, ಕೂಡಿಗೆಯ ಸೈನಿಕ ಶಾಲೆ, ಬ್ಯಾಂಕು, ಸರ್ಕಾರಿ ಕಚೇರಿ ಇವಕ್ಕೆಲ್ಲ ವರ್ಗವಾಗಿ ಬರುವವರು ಏಪ್ರಿಲ್, ಮೇ ಹೊತ್ತಿಗೆ ಮನೆ ಹುಡುಕುತ್ತಲೇ ಇರುತ್ತಾರೆ. ಸೇವೆಯ ಯೋಗ್ಯತೆ ಗೊತ್ತಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನಾಲ್ಕು ತಿಂಗಳು ಸೂರಿನ ಮೇಲೆ ಯಾರು ಹತ್ತುತ್ತಾರೆ, ಚರಂಡಿ ಯಾರು ಬಿಡಿಸುತ್ತಾರೆ ಎನ್ನುವುದಕ್ಕೆ ಉತ್ತರವಿಲ್ಲದ ಸೇವೆಗೆ ತಿಂಗಳ ಶುಲ್ಕ ಕೊಡಬೇಡಿ.

ಸದ್ಯ ಸಿಗುವುದು ನಾಲ್ಕು ಬಗೆ.

ಮೊದಲನೆಯದು ಪೇಟೆಯ ಬ್ರೋಕರ್. ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ ಆಗಿ ತೆಗೆದುಕೊಂಡು, ಕರಾರು ಬರೆಸಿ, ಬೀಗದ ಕೈ ಕೊಡಿಸಿದರೆ ಅವರ ಕೆಲಸ ಮುಗಿಯಿತು. ಇದರಲ್ಲಿ ಮೋಸವೇನಿಲ್ಲ. ಕುಶಾಲನಗರದ ಫ್ಲಾಟ್‌ಗೆ, ಮಾಲೀಕರು ಮೈಸೂರಿನಲ್ಲೇ ಇದ್ದರೆ, ಇಷ್ಟೇ ಸಾಕು. ಎರಡನೆಯದು ಊರಿನವರೇ ಒಬ್ಬರು, ಹೆಚ್ಚಾಗಿ ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್ ಅಥವಾ ನಿವೃತ್ತರು, ತಿಂಗಳಿಗೆ ಇಷ್ಟು ಎಂದು ಮಾತಾಡಿಕೊಂಡು ಮನೆ ನೋಡಿಕೊಳ್ಳುವುದು. ಮರ ಬಿದ್ದ ದಿನ ಮೊದಲು ಬಂದು ನಿಲ್ಲುವವರು ಇವರೇ. ಕಾಗದಪತ್ರ, ರಸೀದಿ, ಲೆಕ್ಕದಲ್ಲಿ ಮಾತ್ರ ಸೋಲುತ್ತಾರೆ. ಮೂರನೆಯದು ಬೆಂಗಳೂರಿನಿಂದ ಫೋನ್ ಮತ್ತು ಆ್ಯಪ್ ಮೂಲಕ ನಡೆಸುವ ಕಂಪನಿಗಳು. ಬಾಡಿಗೆ ಜಮೆ, ತಿಂಗಳ ಸ್ಟೇಟ್‌ಮೆಂಟ್, ಕರಾರಿನ ನವೀಕರಣ ಎಲ್ಲ ಅಚ್ಚುಕಟ್ಟು. ಜುಲೈನಲ್ಲಿ ಹಂಚು ಜಾರಿದರೆ ದೂರಿನ ನಂಬರ್ ಬರುತ್ತದೆ, ಆಳು ಬರುವುದಿಲ್ಲ. ನಾಲ್ಕನೆಯದು ಸ್ಥಳೀಯವಾಗಿ ಕಚೇರಿ ಇಟ್ಟು, ತಮ್ಮದೇ ಪ್ಲಂಬರ್, ಎಲೆಕ್ಟ್ರಿಷಿಯನ್, ಹಂಚಿನ ಕೆಲಸದವರನ್ನು ಕೈಯಲ್ಲಿ ಇಟ್ಟುಕೊಂಡ ಪೂರ್ತಿ ನಿರ್ವಹಣೆಯ ಸೇವೆ. ಇಳಿಜಾರಿನ ಮನೆ, ಹಂಚಿನ ಮನೆ, ತೋಟದೊಳಗಿನ ಮನೆ ಇದ್ದವರಿಗೆ ಇದು ಬೇಕೇ ಬೇಕು. ಆದರೆ ಇದರ ಖರ್ಚನ್ನು ಕೂಡಿಸಿ ನೋಡಬೇಕು.

ತಿಂಗಳಿಗೆ 14,000 ರೂಪಾಯಿ ಬಾಡಿಗೆ, ಶೇ. 10ರ ನಿರ್ವಹಣಾ ಶುಲ್ಕ ಎಂದಿಟ್ಟುಕೊಳ್ಳಿ. ಶುಲ್ಕ 1,400. ಸಂಸ್ಥೆ ಜಿಎಸ್‌ಟಿ ನೋಂದಣಿ ಮಾಡಿದ್ದರೆ ಅದರ ಮೇಲೆ ಶೇ. 18, ಅಂದರೆ 252. ತಿಂಗಳಿಗೆ 1,652, ವರ್ಷಕ್ಕೆ 19,824. ಬಾಡಿಗೆದಾರರನ್ನು ತಂದದ್ದಕ್ಕೆ ಒಂದು ತಿಂಗಳ ಬಾಡಿಗೆ 14,000 ಸೇರಿಸಿದರೆ ಮೊದಲ ವರ್ಷ 33,824. ವರ್ಷದ ಬಾಡಿಗೆ 1,68,000ರಲ್ಲಿ ಐದರಲ್ಲೊಂದು ಪಾಲು ಹೋಯಿತು. ರಿಪೇರಿ ಸಾಮಾನಿನ ಮೇಲೆ ಇವರು ಇಟ್ಟುಕೊಳ್ಳುವ ಮಾರ್ಜಿನ್ ಇದರಲ್ಲಿ ಸೇರಿಲ್ಲ. ಹಾಗಾಗಿ ಮೂರು ಮಾತು ಬರವಣಿಗೆಯಲ್ಲಿ ಬರಲಿ: ಶುಲ್ಕ ಕೈಗೆ ಬಂದ ಬಾಡಿಗೆಯ ಮೇಲೆ ಮಾತ್ರ (ಖಾಲಿ ತಿಂಗಳಿಗೆ ಇಲ್ಲ), ಸಾಮಾನಿನ ಅಂಗಡಿ ಬಿಲ್ಲಿನ ಪ್ರತಿ ಮಾಲೀಕರಿಗೆ ಬರಬೇಕು, ಅಡ್ವಾನ್ಸ್ ಮೊತ್ತ ಸಂಸ್ಥೆಯ ಖಾತೆಗೆ ಹೋಗದೆ ನೇರ ಮಾಲೀಕರ ಖಾತೆಗೆ ಬೀಳಬೇಕು. ಕೊನೆಯದರಲ್ಲಿ ರಾಜಿ ಬೇಡ. ಮನೆ ಬಿಡುವ ದಿನ ಅಡ್ವಾನ್ಸ್ ಹಿಂದಿರುಗಿಸಬೇಕಾದವರು ಕಾನೂನಿನ ಲೆಕ್ಕದಲ್ಲಿ ನೀವು. "ರೇರಾ ನೋಂದಾಯಿತ ಏಜೆಂಟ್" ಎಂದು ಬೋರ್ಡ್ ಹಾಕಿಕೊಂಡವರ ಬಗ್ಗೆ ಒಂದು ಮಾತು: ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಆ ನೋಂದಣಿ ಸೈಟು, ಫ್ಲಾಟು ಮಾರಾಟಕ್ಕೆ ಸಂಬಂಧಿಸಿದ್ದು. ಬಾಡಿಗೆ ವ್ಯವಹಾರದಲ್ಲಿ ಅದು ನಿಮ್ಮನ್ನು ಕಾಯುವುದಿಲ್ಲ.

ಇನ್ನೊಂದು ಆಮಿಷ ಗ್ಯಾರಂಟಿ ಬಾಡಿಗೆಯದು. "ಮನೆ ನಮಗೆ ಲೀಸ್‌ಗೆ ಕೊಡಿ, ಯಾರಿದ್ದರೂ ಇಲ್ಲದಿದ್ದರೂ ತಿಂಗಳಿಗೆ ಇಷ್ಟು ಹಾಕುತ್ತೇವೆ" ಎಂದು ಹೇಳುವವರು ಒಳಗೆ ಮಾಡುವುದು ಬಹುಮಟ್ಟಿಗೆ ಹೋಂಸ್ಟೇ. ಹೋಂಸ್ಟೇ ಅಂದರೆ ಮನೆಯವರು ವಾಸವಿದ್ದು ಅತಿಥಿಗಳಿಗೆ ಕೋಣೆ ಕೊಡುವ ವ್ಯವಸ್ಥೆ, ಅದಕ್ಕೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು. ಮಾಲೀಕರು ಊರಲ್ಲೇ ಇಲ್ಲದ ಮನೆಯನ್ನು ಹೀಗೆ ನಡೆಸಿದಾಗ ಪಂಚಾಯಿತಿ, ಪೊಲೀಸ್, ವಿದ್ಯುತ್ ಇಲಾಖೆಯ ನೋಟಿಸು ಬರುವುದು ಖಾತೆದಾರರ ಹೆಸರಿಗೆ. 2018ರ ಆಗಸ್ಟ್‌ನ ಭೂಕುಸಿತ, ಪ್ರವಾಹದ ಹೊತ್ತಿನಂತೆ ಪ್ರವಾಸಿಗರ ಓಡಾಟ ನಿಂತರೆ ಗ್ಯಾರಂಟಿ ಎಂಬ ಮಾತೂ ನಿಲ್ಲುತ್ತದೆ. ವಾಸದ ಮನೆಗೆ ಈ ಬಗೆಯನ್ನು ನಾವು ಶಿಫಾರಸು ಮಾಡುವುದಿಲ್ಲ. ಮಾಮೂಲಿ ಕರಾರಿನಲ್ಲೂ ಒಳಬಾಡಿಗೆ, ದಿನಬಾಡಿಗೆ, ಪೇಯಿಂಗ್ ಗೆಸ್ಟ್ ಯಾವುದೂ ಕೂಡದು ಎಂದು ಬರೆಸಿ.

ಇನ್ನು ಕರಾರಿನ ತಾರೀಕು. ಹೆಚ್ಚಿನ ಸೇವೆಗಳು ಸೋಲುವುದು ಇಲ್ಲಿ, ಮತ್ತು ಅದು ಅವರ ಗಮನಕ್ಕೇ ಬಂದಿರುವುದಿಲ್ಲ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕಾದ್ದರಿಂದ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಅದು ಜೂನ್ 1ರಂದು ಶುರುವಾದರೆ ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಮೇ ತಿಂಗಳು ಸೂರಿನ ಕೆಲಸಕ್ಕೆ, ಸುಣ್ಣಬಣ್ಣಕ್ಕೆ ಸಿಗುತ್ತದೆ, ಶಾಲೆ ಶುರುವಾಗುವ ಹೊತ್ತಿಗೆ ಹೊಸಬರು ಬರುತ್ತಾರೆ. ಅದೇ ಅಕ್ಟೋಬರ್ 1ರಂದು ಶುರುವಾದ ಕರಾರು ಆಗಸ್ಟ್ 31ಕ್ಕೆ ಮುಗಿಯುತ್ತದೆ. ಆ ಮಳೆಯಲ್ಲಿ ಬಾಡಿಗೆದಾರರು ಖಾಲಿ ಮಾಡಿದರೆ ಮನೆ ನೋಡಲು ಯಾರೂ ಬರುವುದಿಲ್ಲ, ಬಂದವರಿಗೆ ಒಳಗಿನ ಬೂಸ್ಟು ವಾಸನೆ ಬಾಗಿಲಲ್ಲೇ ಹೊಡೆಯುತ್ತದೆ. ಒಲೆ ಹೊತ್ತದ, ಕಿಟಕಿ ತೆರೆಯದ ಮನೆ ಮೂರು ವಾರದಲ್ಲಿ ಬೀರುವಿನ ಒಳಗೆಲ್ಲ ಬಿಳಿ ಹಿಡಿಯುತ್ತದೆ, ಬಾಗಿಲು ಊದಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಮಧ್ಯದಲ್ಲಿ ಬಾಡಿಗೆದಾರರು ಸಿಕ್ಕರೆ ಮೊದಲ ಕರಾರನ್ನು ಏಳೆಂಟು ತಿಂಗಳಿಗೆ ಬರೆಸಿ ಏಪ್ರಿಲ್‌ಗೆ ತಂದು ನಿಲ್ಲಿಸುವಂತೆ ಸೇವೆಯವರಿಗೆ ಹೇಳಿ. ಇದನ್ನು ನೀವು ಹೇಳುವ ಮೊದಲೇ ಅವರೇ ಸೂಚಿಸಿದರೆ, ಅವರಿಗೆ ಕೊಡಗಿನ ಮನೆ ಗೊತ್ತಿದೆ ಎಂದು ಅರ್ಥ.

ಮೇ ತಿಂಗಳ ಕೆಲಸ ಏನೇನು? ಮಡಿಕೇರಿಯಲ್ಲಿ ವರ್ಷಕ್ಕೆ ನೂರಿಪ್ಪತ್ತು ಇಂಚಿನ ಆಸುಪಾಸು ಮಳೆ, ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ಎರಡೂ ಊರಿಗೆ ಒಂದೇ ಪಟ್ಟಿ ಕೊಡುವ ಸೇವೆ ಪಟ್ಟಿಯನ್ನು ಎಲ್ಲಿಂದಲೋ ತಂದಿರುತ್ತದೆ. ಮಂಗಳೂರು ಹಂಚಿನ ಸೂರಿಗೆ ಕೆಲಸ ಒಣಗಿದ್ದಾಗಲೇ ಆಗಬೇಕು. ಪಾಚಿ ನೆನೆದರೆ ಕಾಲು ನಿಲ್ಲುವುದಿಲ್ಲ, ನೆನೆದ ಹಂಚಿನ ಮೇಲೆ ಭಾರ ಬಿಟ್ಟರೆ ಒಂದು ಸೋರಿಕೆ ಮುಚ್ಚಲು ಹೋಗಿ ನಾಲ್ಕು ಹಂಚು ಒಡೆಯುತ್ತವೆ. ಪಾಚಿಯನ್ನು ಬ್ರಷ್‌ನಲ್ಲಿ ಉಜ್ಜಿ ತೆಗೆಯಬೇಕು. ಎರಡು ಹಂಚು ಒಂದಕ್ಕೊಂದು ಕೂರುವ ಕಚ್ಚಿನಲ್ಲಿ ಪಾಚಿ ಕಟ್ಟಿದರೆ ಹಂಚು ಒಡೆಯದೆಯೂ ನೀರು ಒಳಕ್ಕೆ ತಿರುಗುತ್ತದೆ. ಎರಡು ಸೂರು ಸೇರುವ ಮೂಲೆಯ ತಗಡಿನಲ್ಲಿ ಎಲೆ ತುಂಬಿದೆಯೇ, ತುಕ್ಕಿನ ತೂತು ಇದೆಯೇ ನೋಡಬೇಕು. ಸೋರಿಕೆಯಲ್ಲಿ ಹೆಚ್ಚಿನದು ಅಲ್ಲಿಂದಲೇ. ಹಂಚು ಕೂರುವ ಮರದ ಪಟ್ಟಿಗೆ, ಅಂದರೆ ರೀಪರ್‌ಗೆ, ಗೆದ್ದಲು ಹಿಡಿದಿದೆಯೇ ಎನ್ನುವುದನ್ನು ಅಟ್ಟದ ಕಡೆಯಿಂದ ಟಾರ್ಚ್ ಬಿಟ್ಟು, ಚೂಪಾದ ಮೊಳೆಯಿಂದ ಚುಚ್ಚಿ ನೋಡಬೇಕು. ಹಳೆಯ ಮನೆಗಳಲ್ಲಿ ಹಂಚಿನ ಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಬೇರೆ ಕಾರ್ಖಾನೆಯ ಹಂಚು ನೋಡಲು ಒಂದೇ ಥರ ಇದ್ದರೂ ಕಚ್ಚು ಕೂರುವುದಿಲ್ಲ. ಆದ್ದರಿಂದ ಅದೇ ಅಚ್ಚಿನ ಐವತ್ತು ಹಂಚು ಮನೆಯ ಹಿಂದೆ ಪೇರಿಸಿಟ್ಟಿರಲಿ.

ಆರ್‌ಸಿಸಿ ಮನೆಯ ಮೇಲೆ ಟ್ರಸ್ ಹಾಕಿ ಶೀಟ್ ಹೊದಿಸಿದ್ದರೆ ನೋಡಬೇಕಾದದ್ದು ಸ್ಕ್ರೂ ತಲೆಯ ಕೆಳಗಿನ ರಬ್ಬರ್ ವಾಷರ್. ಬಿಸಿಲಿಗೆ ಅದು ಸೀಳಿ ಹೋದ ಮೇಲೆ ಪ್ರತಿ ಸ್ಕ್ರೂ ಒಂದು ತೂತು. ಸೂರಿನಂಚಿನ ನೀರಿನ ದೋಣಿಯಲ್ಲಿ ಒಂದು ಬಕೆಟ್ ನೀರು ಸುರಿದು ಅದು ಪೈಪಿನ ಕಡೆಗೇ ಓಡುತ್ತದೆಯೇ ನೋಡಿದರೆ ಸಾಕು, ಓಟ ತಪ್ಪಿದ್ದು ತಕ್ಷಣ ಕಾಣುತ್ತದೆ. ಸೆಪ್ಟಿಕ್ ಟ್ಯಾಂಕ್ ತುಂಬಿದ್ದರೆ ಮೇ ಒಳಗೆ ಖಾಲಿ ಮಾಡಿಸಬೇಕು. ಮಳೆ ಹಿಡಿದ ಮೇಲೆ ಇಂಗುಗುಂಡಿ ಕುಡಿಯುವುದಿಲ್ಲ, ನೆನೆದ ದಾರಿಯಲ್ಲಿ ಲಾರಿ ಅಂಗಳದವರೆಗೆ ಬರುವುದೂ ಇಲ್ಲ. ವಿದ್ಯುತ್ ತಂತಿಗೆ ತಾಗುವ ಸಿಲ್ವರ್ ಓಕ್ ಕೊಂಬೆಗೆ ಚೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಬೇಕು, ಏಣಿ ಹಾಕಿ ಆಳು ಹತ್ತಿಸಬಾರದು.

ಇಳಿಜಾರು ಕಡಿದು ಕಟ್ಟಿದ ಮನೆಯಾದರೆ ಸೂರಿಗಿಂತ ಹಿಂದಿನ ಧರೆ, ಅಂದರೆ ಕಡಿದು ಬಿಟ್ಟ ಮಣ್ಣಿನ ಗೋಡೆ ಮುಖ್ಯ. 2018ರ ಆಗಸ್ಟ್ ಆದ ಮೇಲೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೂ ಸೇವೆಗಳ ಪಟ್ಟಿಯಲ್ಲಿ ಇದು ಇರುವುದೇ ಅಪರೂಪ. ತಡೆಗೋಡೆಯಲ್ಲಿ ಬಿಟ್ಟ ಕಂಡಿಗಳಿಗೆ ಕಬ್ಬಿಣದ ಸರಳು ಹಾಕಿ ಮಣ್ಣು ಬಿಡಿಸಬೇಕು. ಅವು ಮುಚ್ಚಿದರೆ ಗೋಡೆಯ ಹಿಂದೆ ನೀರು ನಿಂತು ಗೋಡೆಯನ್ನೇ ಮುಂದಕ್ಕೆ ನೂಕುತ್ತದೆ. ಧರೆಯ ಮೇಲ್ಭಾಗದ ಚರಂಡಿ ಮನೆಯ ಕಡೆಗೆ ತಿರುಗದೆ ಪಕ್ಕಕ್ಕೆ ಹರಿಯಬೇಕು. ಮಳೆಯ ನಡುವೆ ಕಂಡಿಯಿಂದ ತಿಳಿನೀರಿನ ಬದಲು ಕೆಸರುನೀರು ಬರತೊಡಗಿದರೆ, ಮೇಲೆ ನೆಲದಲ್ಲಿ ಹೊಸ ಬಿರುಕು ಕಂಡರೆ, ಮರ ಓರೆಯಾದರೆ, ಬಾಡಿಗೆದಾರರನ್ನು ಆ ದಿನವೇ ಬೇರೆಡೆ ಕಳಿಸಬೇಕು. ಆಗಿನ ಬಾಡಿಗೆ ಏನು, ತಂಗುವ ಖರ್ಚು ಯಾರದು ಎಂದು ಕರಾರಿನಲ್ಲೇ ಇರಲಿ. ಕುಶಾಲನಗರದಲ್ಲಿ ಕಷ್ಟ ಬೇರೆ ಥರದ್ದು: ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳಿಗೆ 2018 ಮತ್ತು 2019ರಲ್ಲಿ ಕಾವೇರಿ ನುಗ್ಗಿದ್ದಳು. ಅಲ್ಲಿ ನೆಲಮಹಡಿ ಕೊಡುವುದಾದರೆ ಮೊದಲೇ ತಿಳಿಸಿ ಕೊಡಬೇಕು, ಯುಪಿಎಸ್ ಮತ್ತು ಪಂಪಿನ ಸ್ಟಾರ್ಟರ್ ಎದೆಮಟ್ಟಕ್ಕಿಂತ ಮೇಲಿರಬೇಕು.

ಮಳೆಗಾಲದಲ್ಲಿ ತಿಂಗಳಿಗೆ ಒಂದು ಭೇಟಿ, ಸೆಪ್ಟೆಂಬರ್ ಮೊದಲ ವಾರದ ಕೈಲ್‌ಮುಹೂರ್ತ ಹಬ್ಬ ಕಳೆದ ಮೇಲೆ ಒಂದು ಪೂರ್ತಿ ಪರಿಶೀಲನೆ. ಇಷ್ಟು ಕೇಳಿ. ವರದಿ ಎಂದು ಮನೆಯ ಮುಂಭಾಗದ ಚಂದದ ಫೋಟೊ ಕಳಿಸುವವರಿದ್ದಾರೆ. ನಿಮಗೆ ಬೇಕಾದದ್ದು ತಾರೀಕು ಬಿದ್ದ ಐದು ಫೋಟೊ: ಅಟ್ಟದ ಒಳಗಿನಿಂದ ಹಂಚು, ಮೂಲೆಯ ತಗಡು, ಮಳೆ ಹೊಡೆಯುವ ಗೋಡೆಯ ತೇವದ ಗೆರೆ, ತಡೆಗೋಡೆಯ ಕಂಡಿ, ಮೀಟರ್ ರೀಡಿಂಗ್. ಮನೆ ಕೊಡುವ ದಿನವೂ ಇದೇ ಐದು ತೆಗೆದು ಎರಡೂ ಕಡೆಯವರು ಸಹಿ ಹಾಕಿದ್ದರೆ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯಬೇಕು ಎಂಬ ಜಗಳ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ. ಮಳೆಯ ತೇವಕ್ಕೆ ಬಾಡಿಗೆದಾರರ ಅಡ್ವಾನ್ಸ್ ಮುರಿಯುವುದು ಅನ್ಯಾಯ. ಅವರು ಒಡೆದ ವಾಷ್‌ಬೇಸಿನ್‌ಗೆ ಮುರಿಯುವುದು ಸರಿ.

ಕರೆಂಟ್ ಬಿಲ್ಲಿನ ವಿಷಯ ಚಿಕ್ಕದು, ತಲೆನೋವು ದೊಡ್ಡದು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಬಂದ 2023ರಿಂದ ಬಾಡಿಗೆದಾರರ ಆಧಾರ್ ಮನೆಯ ಆರ್‌ಆರ್ ನಂಬರಿಗೆ ಜೋಡಣೆಯಾಗುತ್ತದೆ. ಅವರು ಬಿಟ್ಟು ಹೋಗುವಾಗ ಅದನ್ನು ಬಿಡಿಸದಿದ್ದರೆ ಮುಂದಿನವರು ಅರ್ಜಿ ಹಾಕಲಾರರು, ಹೋದವರಿಗೂ ಹೊಸ ಮನೆಯಲ್ಲಿ ಸೌಲಭ್ಯ ಸಿಗದು. ಬೀಗದ ಕೈ ವಾಪಸ್ ಪಡೆಯುವ ದಿನವೇ ಇದನ್ನು ಮುಗಿಸುವ ಸೇವೆ ಒಳ್ಳೆಯದು. ತಿಂಗಳಿಗೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಕಟ್ಟಬೇಕು ಎನ್ನುವುದನ್ನೂ ಬಾಡಿಗೆದಾರರಿಗೆ ಹೇಳಿರಬೇಕು, ಮಳೆಗಾಲದಲ್ಲಿ ಗೀಸರ್ ಇಡೀ ದಿನ ಉರಿಯುತ್ತದೆ. ಬಾಡಿಗೆದಾರರ ವಿವರ ಪೊಲೀಸ್ ಠಾಣೆಗೆ ಕೊಟ್ಟ ಸ್ವೀಕೃತಿಯ ಪ್ರತಿ ನಿಮ್ಮ ಬಳಿಯೂ ಇರಲಿ.

ಹೊರದೇಶದಲ್ಲಿರುವ ಮಾಲೀಕರಿಗೆ ಸೇವೆಯವರು ಹೇಳದೆ ಬಿಡುವ ಸಂಗತಿ ತೆರಿಗೆಯದು. ಮಾಲೀಕರು ಎನ್‌ಆರ್‌ಐ ಆದರೆ ಬಾಡಿಗೆ ಎಷ್ಟೇ ಕಡಿಮೆಯಿರಲಿ, ಕೊಡುವವರೇ ಟಿಡಿಎಸ್ ಹಿಡಿದು ಕಟ್ಟಬೇಕು. ದರ ಶೇ. 30, ಸೆಸ್ ಸೇರಿ 31.2. ಅಷ್ಟು ತೆರಿಗೆ ಬರುವುದಿಲ್ಲ ಎಂದಿದ್ದರೆ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ದರದ ಪ್ರಮಾಣಪತ್ರ ತರಿಸಿಕೊಳ್ಳಬಹುದು. ನಿರ್ವಹಣಾ ಶುಲ್ಕವನ್ನು ಬಾಡಿಗೆ ಆದಾಯದಲ್ಲಿ ಬೇರೆಯಾಗಿ ಕಳೆಯಲು ಬರುವುದಿಲ್ಲ, ರಿಪೇರಿ, ನಿರ್ವಹಣೆಯಂಥ ಖರ್ಚಿಗೆಲ್ಲ ಸೇರಿ ಸಿಗುವುದು ಶೇ. 30ರ ಕಡಿತ ಮಾತ್ರ. ಸಹಿ ಹಾಕಲು ಊರಲ್ಲಿ ಒಬ್ಬರಿಗೆ ಅಧಿಕಾರಪತ್ರ ಕೊಡುವುದಾದರೆ ಬಾಡಿಗೆ ಕರಾರು, ವಸೂಲಿ, ನೋಟಿಸು ಇಷ್ಟಕ್ಕೆ ಸೀಮಿತವಾಗಿರಲಿ. ಮಾರಾಟದ ಅಧಿಕಾರ ಸೇರಿದ ಸಿದ್ಧ ನಮೂನೆಗೆ ಸಹಿ ಬೇಡ.

ಜಮ್ಮಾ ಜಾಗದ (ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನ) ಮನೆಗಳಲ್ಲಿ ಪಹಣಿಯಲ್ಲಿ ಒಂದೇ ಹೆಸರಿರುವುದು ಕಡಿಮೆ. ಅಣ್ಣ ಸಹಿ ಹಾಕಿದ ಕರಾರಿಗೆ ತಮ್ಮ ತಕರಾರು ತೆಗೆದರೆ ಸಿಕ್ಕಿಬೀಳುವುದು ಬಾಡಿಗೆದಾರರು. ಒಕ್ಕದ (ಮನೆತನದ) ಪಾಲುದಾರರ ಒಪ್ಪಿಗೆ ಪತ್ರ ಕೇಳದೆ ಕರಾರು ಬರೆಯಲು ಕೂರುವ ಸೇವೆಯನ್ನು ಅಲ್ಲಿಗೇ ಬಿಡಿ.

ಬಾಡಿಗೆ ಕಟ್ಟದವರನ್ನು "ಬಿಡಿಸಿಕೊಡುತ್ತೇವೆ" ಎಂಬ ಭರವಸೆಯನ್ನೂ ವಿವರವಾಗಿ ಕೇಳಬೇಕು. ಈ ಊರುಗಳ ಇಂದಿನ ಬಾಡಿಗೆಗಳು ಸಾಮಾನ್ಯವಾಗಿ 1999ರ ಬಾಡಿಗೆ ಕಾಯ್ದೆಯ ಮಿತಿ ಮೀರಿರುವುದರಿಂದ ವಿಷಯ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ನಡೆಯುತ್ತದೆ. ಕರಾರಿನಲ್ಲಿ ಬೇರೆ ಇಲ್ಲದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸು, ಆಮೇಲೂ ಬಿಡದಿದ್ದರೆ ಸಿವಿಲ್ ಕೋರ್ಟು. ನೀರು, ಕರೆಂಟ್ ಕತ್ತರಿಸಿ, ಬೀಗ ಬದಲಿಸಿ ಹೊರಹಾಕುತ್ತೇವೆ ಎನ್ನುವವರು ನಿಮ್ಮ ಮೇಲೆ ಕೇಸು ತರುತ್ತಾರೆ.

ಸೇವೆಯ ಒಪ್ಪಂದವನ್ನು ಒಂದು ತಿಂಗಳ ನೋಟಿಸಿನಲ್ಲಿ ಮುರಿಯುವ ಹಕ್ಕು ನಿಮಗಿರಲಿ, ಅವರು ತಂದ ಬಾಡಿಗೆದಾರರು ಮನೆಯಲ್ಲೇ ಉಳಿದರೂ ಶುಲ್ಕ ಮುಂದುವರಿಯುತ್ತದೆ ಎಂಬ ಸಾಲಿದ್ದರೆ ಹೊಡೆದುಹಾಕಿ. ಬಿಡುವಾಗ ಕೈಗೆ ಬರಬೇಕಾದದ್ದು: ಮೂಲ ಕರಾರು, ಪೊಲೀಸ್ ಸ್ವೀಕೃತಿ, ಎಲ್ಲ ಜೊತೆ ಬೀಗದ ಕೈ, ಚೆಸ್ಕಾಂ ಮತ್ತು ಮನೆ ಕಂದಾಯದ ರಸೀದಿಗಳು, ಕೊನೆಯ ಮಳೆಗಾಲದ ಫೋಟೊಗಳು, ಮತ್ತು ಸೂರಿಗೆ ಹತ್ತಿದ ಕೆಲಸಗಾರರ ಫೋನ್ ನಂಬರ್.